ಹಳತಾದ ದ್ರಾಕ್ಷಾರಸವೋ, ಹಾಳಾದ ದ್ರಾಕ್ಷಾರಸವೋ?



ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದಾಗ ಅದರ ರುಚಿ ನೋಡಿದವನು ಔತಣದ ಮೇಲ್ವಿಚಾರಕ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಅದು ಉತ್ತಮವಾದದ್ದೆಂದು ನಾಲಗೆಯಿಂದಲೇ ಗುರುತಿಸಿದನು. ನಮ್ಮಲ್ಲಿ ಬಹುಮಂದಿಗೆ ಆ ಗುರುತು ಸಿಗುವುದಿಲ್ಲ. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತನ್ನು ನಂಬಿ, ಕೆಟ್ಟುಹೋದದ್ದನ್ನೂ ಜೋಪಾನವಾಗಿ ಇಟ್ಟುಕೊಂಡಿರುತ್ತೇವೆ.

ಹಿಂದೊಮ್ಮೆ ನಾವೂ ಹೀಗೆ ಮೋಸಹೋದೆವು. ಅರ್ಧ ಖಾಲಿಯಾದ ಸೀಸೆಯನ್ನು ಬೇಸಿಗೆಯಲ್ಲಿ ಬೀರುವಿನೊಳಗೆ ಇಟ್ಟು ಮರೆತು, ತಿಂಗಳ ಮೇಲೆ ಅದನ್ನೇ ಬಲಿಪೂಜೆಗೆ ಸಿದ್ಧಪಡಿಸಿದೆವು. ಗುರುಗಳು ಪಾನಪಾತ್ರೆಗೆ ಸುರಿಯುವಾಗ ವಾಸನೆ ತಿಳಿದು, ಬೇರೆ ಸೀಸೆ ತರಿಸಿದರು. ಇದು ಕೇವಲ ರುಚಿಯ ಮಾತಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿಯ ಪ್ರಕಾರ, ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯ ಹಣ್ಣಿನಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಅದು ಹುಳಿಯಾಗದಂತೆ ಕಾಪಾಡಬೇಕೆಂದು 2004ರಲ್ಲಿ ರೋಮಿನಿಂದ ಬಂದ ಸೂಚನೆಯೂ ಹೇಳುತ್ತದೆ. ಪೂರ್ತಿ ವಿನೆಗರ್ ಆದದ್ದು ದ್ರಾಕ್ಷಾರಸವೇ ಅಲ್ಲ. ಅದರಿಂದ ಬಲಿಪೂಜೆ ಸಿಂಧುವಾಗದು. ಆದ್ದರಿಂದ ಸೀಸೆಯನ್ನು ನೋಡಿಕೊಳ್ಳುವ ಉಪದೇಶಿಗಳೂ ಪೀಠಸೇವಕರೂ ಈ ಪಾಠವನ್ನು ತಿಳಿದಿರಬೇಕು.

ಕಾಲ ಏನು ಮಾಡುತ್ತದೆ?

ಹೊಸ ಕೆಂಪು ದ್ರಾಕ್ಷಾರಸದಲ್ಲಿ ಬಾಯಿ ಒಣಗಿಸುವ ಒಗರು ಇರುತ್ತದೆ. ಬಾಳೆಕಾಯಿ ಕಚ್ಚಿದಾಗ, ಡಿಕಾಕ್ಷನ್ ಗಟ್ಟಿಯಾದ ಚಹಾ ಕುಡಿದಾಗ ಆಗುವಂಥದ್ದು. ಇದು ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್. ವರ್ಷ ಕಳೆದಂತೆ ಟ್ಯಾನಿನ್ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿ, ದೊಡ್ಡದಾಗಿ, ತಳಕ್ಕೆ ಗಷ್ಟಾಗಿ ಇಳಿಯುತ್ತವೆ. ಆಗ ಒಗರು ಮೆತ್ತಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಆದುದರಿಂದ ತಳದ ಗಷ್ಟು ಕೆಡುಕಿನ ಗುರುತಲ್ಲ. ಸೀಸೆಯನ್ನು ಅಲುಗಿಸದೆ ಮೆಲ್ಲನೆ ಬಗ್ಗಿಸಿ ತಿಳಿಯನ್ನು ಸುರಿದುಕೊಂಡರೆ ಸಾಕು.

ಪರೀಕ್ಷಿಸುವ ಕ್ರಮ

1. ಕಣ್ಣು: ಬಿಳಿ ಕಾಗದದ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ಅಂಚನ್ನು ನೋಡಿ. ಹೊಸತಾದ ಕೆಂಪು ರಸದ ಅಂಚು ನೇರಳೆ. ಹಳತಾದದ್ದು ಇಟ್ಟಿಗೆ ಬಣ್ಣ. ಬಿಳಿ ದ್ರಾಕ್ಷಾರಸ ಇದಕ್ಕೆ ವಿರುದ್ಧ: ವಯಸ್ಸಾದಂತೆ ಗಾಢವಾಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ.

2. ಮೂಗು: ಲೋಟವನ್ನು ತಿರುಗಿಸಿ ಮೂಸಿ. ಹೊಸತರಲ್ಲಿ ತಾಜಾ ಹಣ್ಣಿನ ಘಮ. ಚೆನ್ನಾಗಿ ಹಳತಾದದ್ದರಲ್ಲಿ ಒಣದ್ರಾಕ್ಷಿ, ಖರ್ಜೂರ, ಚರ್ಮ, ಹೊಗೆಸೊಪ್ಪು, ಮಳೆ ಬಿದ್ದ ಮಣ್ಣು. ಬಿಳಿಯದರಲ್ಲಿ ಜೇನು, ಬಾದಾಮಿ.

3. ನಾಲಗೆ: ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ ಉಗುಳಿ. ಸಿಹಿ, ಹುಳಿ, ಒಗರು ಇವುಗಳಲ್ಲಿ ಒಂದು ಇನ್ನೊಂದನ್ನು ಮೀರಿದೆಯೇ? ಉಗುಳಿದ ಮೇಲೂ ರುಚಿ ನಿಂತಿದೆಯೇ? ನಿಂತಷ್ಟೂ ಒಳ್ಳೆಯದು.

ವಿವರಿಸಲು ಪರದೇಶದ ಪದಗಳು ಬೇಕಿಲ್ಲ. ನಮ್ಮ ನೇರಳೆಹಣ್ಣು, ಹುಣಸೆ, ಬೆಲ್ಲದ ಪಾಕ, ಲವಂಗ ಇವುಗಳ ನೆನಪೇ ಸಾಕು. ‘ಚೆನ್ನಾಗಿದೆ’ ಎಂದು ಸುಮ್ಮನಾಗದೆ ಯಾವುದರಂತೆ ಇದೆ ಎಂದು ಬರೆದಿಟ್ಟರೆ, ಮುಂದಿನ ಸಲ ಹೋಲಿಸಲು ಬರುತ್ತದೆ.

ಕೆಟ್ಟುದರ ಗುರುತುಗಳು

ಗಾಳಿ ತಗುಲಿದಾಗ ಒಂದು ಬಗೆಯ ಸೂಕ್ಷ್ಮಾಣು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾಡುತ್ತದೆ. ಮೂಗಿಗೆ ಚುಚ್ಚುವ ವಿನೆಗರ್ ವಾಸನೆ, ಅಥವಾ ಉಗುರುಬಣ್ಣದ ವಾಸನೆ ಇದರ ಗುರುತು. ಕೊಯ್ದಿಟ್ಟ ಸೇಬಿನಂತೆ ಕಂದಾಗಿ, ಸಪ್ಪೆಯಾಗಿದ್ದರೆ ಗಾಳಿಯಿಂದ ಸೊರಗಿದೆ ಎಂದರ್ಥ. ನೆನೆದ ರಟ್ಟು, ಮುಗ್ಗಲು ಗೋಣಿಚೀಲದ ವಾಸನೆ ಬಂದರೆ ದೋಷ ಬಿರಡೆಯದು.

ಎಲ್ಲವೂ ಹಳತಾಗಲು ತಕ್ಕವಲ್ಲ

ಜೂಜುವಾಡಿಯಿಂದ ಗಡಿ ದಾಟಿದರೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೈತರು ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನಾವೆಲ್ಲರೂ ಬಲ್ಲೆವು. ವರ್ಷಕ್ಕೆ ಎರಡು ಫಸಲು ಕೊಡುವ ಗಟ್ಟಿ ತಳಿ. ರಸಕ್ಕೂ ಜಾಮಿಗೂ ಒಳ್ಳೆಯದು. ಇದು ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ರಕ್ತ ಉಳ್ಳದ್ದು. ಇದರ ಸೊಗಸು ಹಣ್ಣಿನ ತಾಜಾ ಘಮದಲ್ಲಿದೆ. ವರ್ಷಗಟ್ಟಲೆ ಇಟ್ಟರೆ ಆ ಘಮವೇ ಹೋಗುತ್ತದೆ. ನಂದಿಬೆಟ್ಟದ ತಪ್ಪಲಲ್ಲಿ ಬೆಳೆಯುವ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ತಳಿಗಳು ಬೇರೆ. ಅವುಗಳ ರಸವನ್ನು ಓಕ್ ಪೀಪಾಯಿಯಲ್ಲಿಟ್ಟು ಹದಮಾಡುವುದುಂಟು. ಲೋಕದಲ್ಲಿ ಆಗುವ ದ್ರಾಕ್ಷಾರಸದಲ್ಲಿ ಹೆಚ್ಚಿನ ಪಾಲು ಕೆಲವೇ ವರ್ಷಗಳಲ್ಲಿ ಮುಗಿಸತಕ್ಕದ್ದೇ.

ಇಡುವ ಬಗೆ: 12ರಿಂದ 15 ಡಿಗ್ರಿ ತಂಪು, ಕತ್ತಲೆ, ಅಲುಗಾಟವಿಲ್ಲದ ಜಾಗ. ಬಿರಡೆ ಒಣಗದಂತೆ ಸೀಸೆಯನ್ನು ಅಡ್ಡ ಮಲಗಿಸಬೇಕು. ತೆರೆದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ. ದೊಡ್ಡ ಸೀಸೆಗಿಂತ ಚಿಕ್ಕ ಸೀಸೆಗಳನ್ನು ತರಿಸುವುದು ಲೇಸು.

ಆರೋಗ್ಯದ ಮಾತು

‘ಹಳೆಯ ವೈನ್ ಹೃದಯಕ್ಕೆ ಔಷಧ’ ಎಂಬುದನ್ನು ನಂಬಬೇಡಿ. ಮದ್ಯವು ಕ್ಯಾನ್ಸರ್ ತರುವ ವಸ್ತುವೆಂದು 1988ರಲ್ಲೇ ಅಂತರರಾಷ್ಟ್ರೀಯ ಸಂಸ್ಥೆ ಪಟ್ಟಿಮಾಡಿದೆ. ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಗರ್ಭಿಣಿಯರು, ಪಿತ್ತಜನಕಾಂಗದ ಕಾಯಿಲೆಯವರು, ಕುಡಿತ ಬಿಟ್ಟವರು ರುಚಿ ನೋಡುವ ಕೆಲಸಕ್ಕೂ ಬರಬಾರದು. ಮೂಸಿ ನೋಡುವುದನ್ನು ಬೇರೆಯವರಿಗೆ ಬಿಡಿ. ಮದ್ಯದ ತೊಂದರೆಯುಳ್ಳ ಗುರುಗಳು ಧರ್ಮಾಧ್ಯಕ್ಷರ ಅನುಮತಿಯಿಂದ, ಹುದುಗುವಿಕೆಯನ್ನು ಆರಂಭದಲ್ಲೇ ತಡೆದ ‘ಮಸ್ಟಮ್’ ಬಳಸಲು ಧರ್ಮಸಭೆಯಲ್ಲಿ ಅವಕಾಶವಿದೆ.

ಇನ್ನೊಂದು ಎಚ್ಚರಿಕೆ. ನಾಲಗೆ ಎಲ್ಲವನ್ನೂ ಹೇಳುವುದಿಲ್ಲ. 2024ರ ಜೂನ್ ತಿಂಗಳಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿಯಿಂದ 60ಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲನ್ನು ಮೂಸಿಯೋ ರುಚಿ ನೋಡಿಯೋ ಗುರುತಿಸಲಾಗದು. ಎಲ್ಲಿಂದ ಬಂತೆಂದು ತಿಳಿಯದ ಸೀಸೆಯನ್ನು ಪರೀಕ್ಷಿಸುವ ಗೋಜಿಗೇ ಹೋಗಬೇಡಿ. ತಮಿಳುನಾಡಿನಲ್ಲಿ 1937ರ ಮದ್ಯನಿಷೇಧ ಕಾಯಿದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬುದನ್ನೂ ನೆನಪಿಡಿ. ಕ್ರಿಸ್ಮಸ್ಸಿಗೆ ಮನೆಯಲ್ಲಿ ಹುದುಗು ಬರಿಸದ ದ್ರಾಕ್ಷಿ ಪಾನಕ ಮಾಡಿದರೆ ಮಕ್ಕಳಿಗೂ ಹಿರಿಯರಿಗೂ ಒಂದೇ ಲೋಟದಲ್ಲಿ ಹಂಚಬಹುದು.

ಅಭ್ಯಾಸ: ಈ ವಾರ ದೇವಾಲಯದ ಬೀರುವಿನಲ್ಲಿರುವ ಸೀಸೆಗಳನ್ನು ಗುರುಗಳ ಅನುಮತಿ ಪಡೆದು ಪರಿಶೀಲಿಸಿ. ಯಾವುದು ತೆರೆದಿದೆ, ಎಂದಿನಿಂದ? ವಾಸನೆ ಹೇಗಿದೆ? ಅನುಮಾನವಿದ್ದರೆ ಗುರುಗಳಿಗೆ ತೋರಿಸಿ. ಪೀಠದ ಮೇಲೆ ಇಡುವುದು ನಮ್ಮಲ್ಲಿರುವ ಒಳ್ಳೆಯದೇ ಆಗಿರಲಿ.