ಒಂದೇ ದ್ರಾಕ್ಷಿ, ನಾಲ್ಕು ದರ್ಜೆ: ಶಾಬ್ಲಿಯ ಲೆಕ್ಕಾಚಾರ

ಫ್ರಾನ್ಸಿನ ಎಷ್ಟೋ ವೈನ್ ಬಾಟಲಿಗಳ ಮೇಲೆ ತಳಿಯ ಹೆಸರಿರಲ್ಲ, ಊರಿನ ಹೆಸರು ಇರುತ್ತೆ. ಯಾಕೆ ಅಂತ ಈ ವಾರ ಶಾಬ್ಲಿ ಎಂಬ ಊರನ್ನಿಟ್ಟುಕೊಂಡು ಹೇಳ್ತೀನಿ.

ಶಾಬ್ಲಿ ಇರೋದು ಬರ್ಗಂಡಿ ಪ್ರಾಂತ್ಯದ ಉತ್ತರದಲ್ಲಿ, ಸೆರೆಂ ನದಿಯ ದಡದಲ್ಲಿ. ಈ ಹೆಸರಿನ ಬಿಳಿ ವೈನಿಗೆ ಒಂದೇ ತಳಿ: ಶಾರ್ಡೊನೆ. 1938ರಲ್ಲಿ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಇದಕ್ಕೆ ಎಒಸಿ ಅಂತಾರೆ. ಗಡಿ, ತಳಿ, ಇಳುವರಿಯ ಮಿತಿ ಎಲ್ಲವೂ ನಿಯಮದಲ್ಲೇ ಇವೆ.

ದರ್ಜೆಗಳು, ಕೆಳಗಿನಿಂದ ಮೇಲಕ್ಕೆ:

1. ಪೆಟಿ ಶಾಬ್ಲಿ: ಹೆಚ್ಚಾಗಿ ಗುಡ್ಡದ ಮೇಲಿನ ಸಮತಟ್ಟು ಜಾಗ, ಗಟ್ಟಿ ಸುಣ್ಣಕಲ್ಲಿನ ನೆಲ. ಬೇಗ ಕುಡಿಯುವ ವೈನ್.
2. ಶಾಬ್ಲಿ: ಅತಿ ಹೆಚ್ಚು ವಿಸ್ತೀರ್ಣ ಇದರದ್ದೇ. ಇಲ್ಲಿನ ಸುಣ್ಣಮಿಶ್ರಿತ ಜೇಡಿಯಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ಸಿಗುತ್ತೆ.
3. ಪ್ರೀಮಿಯೆ ಕ್ರ್ಯೂ: ಬಿಸಿಲು ಚೆನ್ನಾಗಿ ಬೀಳುವ ಇಳಿಜಾರುಗಳು. ಹೆಸರಿರುವ 40 ತಾಕುಗಳಿವೆ.
4. ಗ್ರಾಂ ಕ್ರ್ಯೂ: ನದಿಯ ಬಲದಂಡೆಯ ಒಂದೇ ಗುಡ್ಡ, ನೈಋತ್ಯಕ್ಕೆ ಮುಖ. 7 ತಾಕು ಸೇರಿ ಸುಮಾರು 100 ಹೆಕ್ಟೇರ್, ಅಂದ್ರೆ ಹತ್ತಿರ ಹತ್ತಿರ 250 ಎಕರೆ ಅಷ್ಟೇ.

ಗಮನಿಸಿ, ದರ್ಜೆ ಸಿಕ್ಕಿರೋದು ನೆಲಕ್ಕೆ, ಮಾಲೀಕನಿಗಲ್ಲ. ಜಮೀನು ಕೈ ಬದಲಾದರೂ ದರ್ಜೆ ಅಲ್ಲೇ ಉಳಿಯುತ್ತೆ. ಮೇಲಿನ ದರ್ಜೆಗೆ ಹೋದಷ್ಟೂ ಇಳುವರಿಯ ಮಿತಿ ಬಿಗಿ. ಜಾಸ್ತಿ ಬೆಳೆದು ಜಾಸ್ತಿ ಗಳಿಸೋ ದಾರಿ ಇಲ್ಲಿಲ್ಲ. ಕಡಿಮೆ ಬೆಳೆದು ಒಳ್ಳೆ ಬೆಲೆ ಪಡೆಯಬೇಕು.

ಆದರೆ ದರ್ಜೆಯೊಂದೇ ಭರವಸೆಯಲ್ಲ. ಅಜಾಗರೂಕ ಕೈಯಲ್ಲಿ ಗ್ರಾಂ ಕ್ರ್ಯೂ ಕೂಡ ಸಪ್ಪೆಯಾಗಬಹುದು. ವಸಂತದ ಹಿಮ ಯಾವ ದರ್ಜೆಯನ್ನೂ ನೋಡಲ್ಲ. ಚಿಗುರು ಉಳಿಸೋಕೆ ರೈತರು ರಾತ್ರಿಯಿಡೀ ಸಾಲುಗಳ ನಡುವೆ ಬೆಂಕಿ ಹಚ್ಚುತ್ತಾರೆ, ಇಲ್ಲವೇ ತುಂತುರು ನೀರು ಹಾಯಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಹೊರಬರುವ ಶಾಖವೇ ಚಿಗುರನ್ನು ಕಾಯುತ್ತೆ.

ಹೆಸರನ್ನು ಕಾಯದಿದ್ರೆ ಏನಾಗುತ್ತೆ? ಅಮೆರಿಕದಲ್ಲಿ ದಶಕಗಳ ಕಾಲ ಬೇರೆ ದ್ರಾಕ್ಷಿಯ ಅಗ್ಗದ ಬಿಳಿ ವೈನನ್ನೂ 'ಶಾಬ್ಲಿ' ಅಂತಲೇ ಮಾರಿದರು. ಬೆವರು ಇಲ್ಲಿನವರದು, ಹೆಸರಿನ ಲಾಭ ಬೇರೆಯವರಿಗೆ.

ನಮ್ಮಲ್ಲೂ 1999ರ ಭೌಗೋಳಿಕ ಸೂಚಕ ಕಾಯ್ದೆ ಇದೆ. ನಂಜನಗೂಡು ರಸಬಾಳೆಗೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಸಿಕ್ಕಿದೆ. ಜಿಐನಲ್ಲಿ ಶಾಬ್ಲಿಯಂಥ ನಾಲ್ಕು ಮೆಟ್ಟಿಲಿಲ್ಲ, ಹೆಸರಿನ ರಕ್ಷಣೆ ಇದೆ. ನಿಮ್ಮ ಬೆಳೆಗೆ ಜಿಐ ಇದ್ದರೆ, ನೀವು ಅದೇ ಗಡಿಯೊಳಗೆ ಬೆಳೀತಿದ್ರೆ, 'ಅಧಿಕೃತ ಬಳಕೆದಾರ' ಅಂತ ನೋಂದಾಯಿಸಿಕೊಳ್ಳಿ. ಜಿಐ ನೋಂದಣಿ ಜಾಲತಾಣದಲ್ಲಿ ನಿಮ್ಮ ಬೆಳೆಯ ಹೆಸರು ಹುಡುಕಿ. ಮೊದಲ ಹೆಜ್ಜೆಗೆ ಕೈಯಲ್ಲಿರೋ ಫೋನೇ ಸಾಕು.