ಉಷ್ಣ, ಸಕ್ಕರೆ, ಸುರಕುಂಬಾ: ಹಬ್ಬದ ಹೊತ್ತಿನ ಮೂರು ಮಾತುಗಳು

ಶಿವರಾತ್ರಿ ಬಂದರೆ ಚಳಿ 'ಶಿವಶಿವಾ' ಎಂದು ಹೋಗುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಮಾತು. ಕೆರೂರ ಸುತ್ತಲಿನ ಹೊಲಗಳಲ್ಲಿ ಆಗ ಬಿಳಿಜೋಳದ ರಾಶಿ ನಡೆದಿರುತ್ತದೆ. ಹುಣಸೆ ಬಡಿಯುವ ಕೆಲಸ ಶುರುವಾಗುತ್ತದೆ, ಬೇವು ಹಳೆಯ ಎಲೆ ಉದುರಿಸಿ ಚಿಗುರುತ್ತದೆ. ಬೆಳಗಿನ ಜಾವ ಚಾದರ ಬೇಕು, ಮಧ್ಯಾಹ್ನ ಫ್ಯಾನು ಬೇಕು.

ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ರಮಝಾನ್ ಪ್ರತಿ ವರ್ಷ ಹಿಂದೆ ಸರಿಯುತ್ತ, ಇತ್ತೀಚೆಗೆ ಈ ಕಾಲಕ್ಕೇ ಬಂದು ನಿಂತಿದೆ. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು, ಈದುಲ್ ಫಿತ್ರ್ 11ರಂದು ಬಂದವು. 2025ರಲ್ಲಿ ಮಾರ್ಚ್ 30 ಮತ್ತು 31. ನೆರೆಮನೆಯ ಬೇವು-ಬೆಲ್ಲದ ಬೆನ್ನಿಗೇ ನಮ್ಮ ಮನೆಯ ಸುರಕುಂಬಾ.

ಅರಬಿಯಲ್ಲಿ 'ರಬೀ' ಎಂದರೆ ವಸಂತ. ಹಿಂಗಾರಿಗೆ ಸರಕಾರಿ ಕಾಗದಗಳಲ್ಲಿ ಬರೆಯುವ 'ರಬಿ ಬೆಳೆ'ಯಲ್ಲಿರುವುದೂ ಇದೇ ಪದ. ಯುನಾನಿ ವೈದ್ಯದಲ್ಲಿ ವಸಂತವನ್ನು ಸಮಶೀತೋಷ್ಣ ಋತು ಎನ್ನುತ್ತಾರೆ. ಆದರೆ ಋತು ಬದಲಾಗುವಾಗ ಗಾಳಿ, ಊಟ, ನಿದ್ದೆ ಎಲ್ಲವೂ ಬದಲಾಗುತ್ತವೆ. ಅದರ ಜೊತೆ ಉಪವಾಸವೂ ಇದ್ದಾಗ ದೇಹದ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ನಾವು ಆಡುವ ಮಾತೇ ಕೆಲವೊಮ್ಮೆ ಅದಕ್ಕೆ ಅಡ್ಡ ಬರುತ್ತದೆ. ಅಂಥ ಮೂರು ಮಾತುಗಳನ್ನು ಇಲ್ಲಿ ನೋಡೋಣ.

ಉಷ್ಣ

"ಡಾಕ್ಟರ್ ಸಾಹೇಬ್ರ, ಉಷ್ಣ ಆಗೇತ್ರಿ, ತಂಪಿಂದು ಏನರ ಕೊಡ್ರಿ." ಮನೆಯಲ್ಲಿ ಇದನ್ನೇ 'ಗರ್ಮಿ' ಎನ್ನುತ್ತೇವೆ. ಮೂತ್ರ ಉರಿದರೂ ಉಷ್ಣ, ಬಾಯಲ್ಲಿ ಹುಣ್ಣಾದರೂ ಉಷ್ಣ, ಕೂಸಿಗೆ ಭೇದಿಯಾದರೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ!

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಈ ಮಾತಿಗೆ ಮೋಸ ಹೋಗಿದ್ದೇನೆ. ರಮಝಾನಿನಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ಬಂದು 'ಉಷ್ಣ' ಎಂದರು. ಉಪವಾಸ, ಬಿಸಿಲು, ನೀರು ಕಡಿಮೆ ಎಂದು ಲೆಕ್ಕ ಹಾಕಿ ನಾನು ಶರ್ಬತ್ ಬಝೂರಿ ಕೊಟ್ಟು ಕಳಿಸಿದೆ. ಮೂರನೆಯ ದಿನ ಅವರನ್ನು ಚಳಿಜ್ವರದಲ್ಲಿ ಹೊತ್ತು ತಂದರು. ಮೂತ್ರದಲ್ಲಿ ಕೀವು, ರಕ್ತದಲ್ಲಿ ಸಕ್ಕರೆ 300ಕ್ಕಿಂತ ಮೇಲೆ. ತಮಗೆ ಸಕ್ಕರೆ ಕಾಯಿಲೆ ಇರುವುದೇ ಅವರಿಗೆ ಗೊತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದೆ, ಅಲ್ಲಾಹನ ಕೃಪೆಯಿಂದ ಗುಣವಾದರು. ತಪ್ಪು ಅವರದಲ್ಲ, ನನ್ನದು. ಅವರು ಮಾತು ಹೇಳಿದರು, ನಾನು ಪ್ರಶ್ನೆ ಕೇಳಲಿಲ್ಲ.

ನಮ್ಮ ಹಕೀಮರು 'ಬಿಸಿ' ಎಂಬ ಒಂದು ಪದಕ್ಕೆ ನಿಂತವರಲ್ಲ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನಾಡಿಯ ಜೊತೆಗೆ ಮೂತ್ರಪರೀಕ್ಷೆಯನ್ನೂ ವಿಸ್ತಾರವಾಗಿ ವಿವರಿಸಿದ್ದಾರೆ. ಅದರ ಬಣ್ಣ, ದಪ್ಪ, ತಳದಲ್ಲಿ ಕೂಡುವ ಗಸಿ ಎಲ್ಲವನ್ನೂ ನೋಡಬೇಕೆನ್ನುತ್ತಾರೆ. ಇಂದು ಪ್ರಯೋಗಾಲಯದಲ್ಲಿ ಮಾಡಿಸುವ ಪರೀಕ್ಷೆಯೂ ಅದೇ ದಾರಿಯದು.

ಆದ್ದರಿಂದ 'ಉಷ್ಣ' ಎನ್ನುವ ಬದಲು ಏನಾಗುತ್ತಿದೆ, ಎಷ್ಟು ದಿನದಿಂದ ಆಗುತ್ತಿದೆ ಎಂದು ಹೇಳಿ.

• ಮೂತ್ರ ಗಾಢ ಹಳದಿಯಾಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ನೀರಿನ ಕೊರತೆ. ಇಫ್ತಾರಿನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ 8–10 ಲೋಟ ನೀರು ಕುಡಿಯಿರಿ. ಹೃದಯ ಅಥವಾ ಕಿಡ್ನಿಯ ಕಾಯಿಲೆ ಇದ್ದವರು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು.
• ಉರಿಯ ಜೊತೆ ಜ್ವರ, ಚಳಿ, ಬೆನ್ನುನೋವು, ವಾಂತಿ ಅಥವಾ ರಕ್ತ ಕಂಡರೆ ಅಂದೇ ವೈದ್ಯರನ್ನು ಕಾಣಿರಿ. ಗರ್ಭಿಣಿಯರು ಬರಿ ಉರಿ ಇದ್ದರೂ ತಡ ಮಾಡಬಾರದು.
• ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಗುಟ್ಕಾ, ತಂಬಾಕು ತಿನ್ನುವವರು ಇದನ್ನು 'ಉಷ್ಣ' ಎಂದು ಬಿಡಬೇಡಿ, ಅದು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.
• ಕೂಸಿಗೆ ಭೇದಿಯಾದರೆ ಓಆರ್‌ಎಸ್ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಕೂಸು ಮಂಕಾದರೆ, ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಸಕ್ಕರೆ

'ಸಕ್ಕರೆ ಕಾಯಿಲೆ' ಎಂಬ ಹೆಸರು ಕೇಳಿ ಬಿಳಿ ಸಕ್ಕರೆಯೊಂದನ್ನು ಬಿಟ್ಟರೆ ಸಾಕು ಎಂದು ತಿಳಿದವರು ಬಹಳ. "ನಾ ಸಕ್ಕರಿ ಮುಟ್ಟಂಗಿಲ್ಲರಿ, ಬರೇ ಬೆಲ್ಲ" ಎನ್ನುತ್ತಾರೆ. ಬೆಲ್ಲ, ಜೇನು, ಖರ್ಜೂರ ಎಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಯುಗಾದಿಯ ಪಾನಕದಲ್ಲಿ ಬೇವಿನ ಹೂ ಕಹಿ ಇದೆಯೆಂದು ಅದರಲ್ಲಿನ ಬೆಲ್ಲದ ಪರಿಣಾಮ ಅಳಿಯುವುದಿಲ್ಲ. ಅನ್ನ, ಮೈದಾ, ಶಾವಿಗೆಯೂ ಹೊಟ್ಟೆಯಲ್ಲಿ ಸಕ್ಕರೆಯಾಗಿಯೇ ಒಡೆಯುತ್ತವೆ.

ಸಕ್ಕರೆ ಕಾಯಿಲೆ ಇದ್ದವರು ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಗುಳಿಗೆ ಅಥವಾ ಇನ್ಸುಲಿನ್ ಹೊತ್ತು ಹೇಗೆ ಬದಲಿಸಬೇಕು ಎಂದು ಕೇಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ ಎಂದು ಉಲಮಾಗಳು ಹೇಳುತ್ತಾರೆ. ಅಳತೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಕೈ ನಡುಗುವುದು, ಬೆವರು, ಗೊಂದಲ ಕಂಡರೂ ಹಾಗೆಯೇ. ಅನಾರೋಗ್ಯ ಇದ್ದವರಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಅದನ್ನು ಬಳಸುವುದು ಈಮಾನಿನ ಕೊರತೆಯಲ್ಲ.

ಸುರಕುಂಬಾ

ನಮ್ಮ ಕಡೆಯ 'ಸುರಕುಂಬಾ' ಪಾರ್ಸಿಯ 'ಶೀರ್ ಖುರ್ಮಾ'. ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಹೆಸರಿನಲ್ಲಿ ಸಕ್ಕರೆಯೂ ಇಲ್ಲ, ತುಪ್ಪವೂ ಇಲ್ಲ! ಈದುಲ್ ಫಿತ್ರ್‌ನ ನಮಾಝಿಗೆ ಹೊರಡುವ ಮೊದಲು ಪ್ರವಾದಿ(ಸ) ಬೆಸಸಂಖ್ಯೆಯಲ್ಲಿ ಖರ್ಜೂರ ತಿನ್ನುತ್ತಿದ್ದರು. ತಿಂಗಳ ಉಪವಾಸದ ನಂತರದ ಮೊದಲ ಬೆಳಗ್ಗೆ ಹೊಟ್ಟೆಗೆ ಅಂಥ ಮಿತವಾದ ಆಹಾರವೇ ಹಿತ.

ಹೆಸರಿಗೆ ತಕ್ಕಂತೆ ಮಾಡಿ ನೋಡಿ. ಒಂದು ಲೀಟರ್ ಹಾಲಿಗೆ ಒಂದು ಹಿಡಿ ಹುರಿದ ಶಾವಿಗೆ ಸಾಕು. ಹತ್ತು ಉತ್ತತ್ತಿಯನ್ನು ರಾತ್ರಿ ನೆನೆಸಿ, ಸಣ್ಣಗೆ ಹೆಚ್ಚಿ, ಹಾಲಿನಲ್ಲೇ ಕುದಿಸಿದರೆ ಸಿಹಿ ತಾನಾಗಿ ಬಿಡುತ್ತದೆ. ಮೇಲೆ ಬಾದಾಮಿ, ಚಾರೋಳಿ, ಗಸಗಸೆ. ಸಕ್ಕರೆಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ. ಸಕ್ಕರೆ ಕಾಯಿಲೆಯವರಿಗೆ ಇದೂ ಇಡೀ ದಿನಕ್ಕೆ ಒಂದು ಸಣ್ಣ ಕಪ್ಪು ಮಾತ್ರ. ಬಿಸಿಲ ದಿನ, ಹಾಲಿನ ಪದಾರ್ಥ. ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಡದೆ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿಲ್ಲದ ಮನೆಯಲ್ಲಿ ಬೇಕಾದಷ್ಟೇ ಮಾಡುವುದು ಒಳ್ಳೆಯದು. ಮುಂಜಾನೆ ಮಾಡಿದ್ದನ್ನು ರಾತ್ರಿ ಮಕ್ಕಳಿಗೆ ಕೊಡಬೇಡಿ.

ಹಬ್ಬದ ದಿನ ಹತ್ತು ಮನೆಗೆ ಹೋದರೆ ಹತ್ತು ಕಪ್ಪು. "ಖಾಲಾ, ಹಬ್ಬ ಐತಿ, ಇನ್ನೊಂದು ಚೂರು ತಗೋರಿ" ಎಂಬ ಒತ್ತಾಯದ ಮುಂದೆ ಆ ಹಿರಿಯರಿಗೆ ಬೇಡವೆನ್ನುವುದು ಕಷ್ಟ. ಹಬ್ಬದ ಮರುದಿನ ದವಾಖಾನೆಯಲ್ಲಿ ಅವರ ರಕ್ತ ಪರೀಕ್ಷಿಸುವಾಗ ಆ ಪ್ರೀತಿಯ ಲೆಕ್ಕ ನನಗೆ ಕಾಣುತ್ತದೆ. ದುಂದು ಬೇಡವೆಂಬ ಕುರ್‌ಆನಿನ ಎಚ್ಚರಿಕೆ ಬಡಿಸುವ ಕೈಗೂ ಸೇರಿದ್ದು. ಈ ಸಲ ಬಡಿಸುವ ಮೊದಲು "ಸಕ್ಕರಿ ಹಾಕ್ಲೇನ್ರಿ, ಬ್ಯಾಡೇನ್ರಿ?" ಎಂದು ಒಂದು ಮಾತು ಕೇಳಿ. ಅದೂ ಆತಿಥ್ಯವೇ.

ಅಲ್ಲಾಹನು ನಮ್ಮ ಉಪವಾಸಗಳನ್ನು ಸ್ವೀಕರಿಸಲಿ, ನಮ್ಮ ಮನೆಗಳ ಹಿರಿಯರಿಗೆ ಆರೋಗ್ಯ ದಯಪಾಲಿಸಲಿ. ಆಮೀನ್.