ಇಂಗ್ಲಿಷ್ ಮಾತು ಮತ್ತು ಬರಹವನ್ನು ಅರ್ಥೈಸಲು ನೆರವಾಗುವ ಕೆಲವು ಪಾರಿಭಾಷಿಕ ಪದಗಳು

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರಂತೆ ರಾಜ್ಯದ ಆಡಳಿತ ಭಾಷೆ ಕನ್ನಡ. ಗ್ರಾಮ ಪಂಚಾಯತಿಯ ನಡವಳಿಗಳೂ ಕನ್ನಡದಲ್ಲಿಯೇ ನಡೆಯುತ್ತವೆ. ಆದಾಗ್ಯೂ ಕೇಂದ್ರ ಪುರಸ್ಕೃತ ಯೋಜನೆಗಳ ಮಾರ್ಗಸೂಚಿಗಳು, ಬ್ಯಾಂಕಿನ ಪತ್ರಗಳು, ಕೆಲವು ಟೆಂಡರ್ ದಸ್ತಾವೇಜುಗಳು ಇಂಗ್ಲಿಷಿನಲ್ಲಿ ಬರುವುದುಂಟು. ಅಂಥ ಕಾಗದದ ಪ್ರತಿ ಪದದ ಅರ್ಥವನ್ನು ಕೇಳಿ ತಿಳಿದುಕೊಂಡರೂ, ಅದು ಆಜ್ಞೆಯೋ ಅನುಮತಿಯೋ ಬರಿಯ ಮಾಹಿತಿಯೋ ಎಂಬುದು ಸ್ಪಷ್ಟವಾಗದೆ ಉಳಿಯಬಹುದು. ಅದನ್ನು ಗುರುತಿಸಲು ಭಾಷಾವಿಜ್ಞಾನಿಗಳು ಬಳಸುವ ಕೆಲವು ಪದಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಮೊದಲನೆಯದು ಮೋಡಲ್ ಕ್ರಿಯಾಪದ. ಶಲ್, ಮಸ್ಟ್, ಶುಡ್, ಮೇ ಮುಂತಾದ ಸಹಾಯಕ ಕ್ರಿಯಾಪದಗಳಿಗೆ ಈ ಹೆಸರು. ಶಾಲೆಯ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಎಂದು ಓದಿದ ರೂಪಗಳಿಗೆ ಇವು ಹತ್ತಿರವಾದವು. ಕಾನೂನಿನ ಇಂಗ್ಲಿಷಿನಲ್ಲಿ 'ಶಲ್' ಎಂದರೆ ಕಡ್ಡಾಯ, 'ಮೇ' ಎಂದರೆ ವಿವೇಚನಾಧಿಕಾರ. ಕನ್ನಡದ ಅಧಿನಿಯಮಗಳಲ್ಲಿ ಇವನ್ನೇ ಕ್ರಮವಾಗಿ 'ತಕ್ಕದ್ದು' ಮತ್ತು 'ಬಹುದು' ಎಂದು ಬರೆಯುತ್ತಾರೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಪಂಚಾಯತಿಗಳನ್ನು ರಚಿಸಬೇಕೆನ್ನುವ 243-ಬಿ ಅನುಚ್ಛೇದದಲ್ಲಿಯೂ, ಸ್ಥಾನಗಳ ಮೀಸಲಾತಿಯನ್ನು ಹೇಳುವ 243-ಡಿ ಅನುಚ್ಛೇದದಲ್ಲಿಯೂ 'ಶಲ್' ಇದೆ. ಆದರೆ ಪಂಚಾಯತಿಗಳಿಗೆ ಅಧಿಕಾರಗಳನ್ನು ವಹಿಸಿಕೊಡುವ 243-ಜಿ ಅನುಚ್ಛೇದದಲ್ಲಿ ರಾಜ್ಯ ವಿಧಾನಮಂಡಲದ ಬಗ್ಗೆ ಬಳಸಿರುವುದು 'ಮೇ'. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿದ್ದರೂ, ಅವುಗಳಲ್ಲಿ ಎಷ್ಟು, ಯಾವ ಪ್ರಮಾಣದಲ್ಲಿ ಹಸ್ತಾಂತರವಾಗಬೇಕೆಂಬುದು ರಾಜ್ಯ ರಾಜ್ಯಗಳಲ್ಲಿ ಬೇರೆಬೇರೆಯಾಗಿರುವುದಕ್ಕೆ ಈ ಒಂದು ಕಿರುಪದ ಬಹುಮಟ್ಟಿಗೆ ಕಾರಣ.

243-ಬಿ ಅನುಚ್ಛೇದದಲ್ಲಿಯೇ ಇನ್ನೊಂದು ಕುತೂಹಲಕರ ಪ್ರಯೋಗವಿದೆ. 20 ಲಕ್ಷ ಮೀರದ ಜನಸಂಖ್ಯೆಯ ರಾಜ್ಯದಲ್ಲಿ ಮಧ್ಯಂತರ ಹಂತದ ಪಂಚಾಯತಿಯ ಬಗ್ಗೆ 'ಮೇ ನಾಟ್' ಎಂದಿದೆ. ಆಡುಮಾತಿನ ಇಂಗ್ಲಿಷಿನಲ್ಲಿ ಇದಕ್ಕೆ 'ಕೂಡದು' ಎಂಬ ಅರ್ಥವೂ ಬರಬಹುದು. ಇಲ್ಲಿ ಗ್ರಹಿಸಬೇಕಾದದ್ದು 'ರಚಿಸದೆ ಇರಬಹುದು' ಎಂದು. ಗೋವಾದಲ್ಲಿ ಎರಡೇ ಹಂತಗಳಿರುವುದು ಹೀಗೆ.

ಆದರೆ ಎಲ್ಲ ಕಡೆಗೂ ಒಂದೇ ಸೂತ್ರ ಅನ್ವಯಿಸದು. ಇಲ್ಲಿ ಬೇಕಾಗುವ ಪದ ರಿಜಿಸ್ಟರ್. ಇದು ಕಚೇರಿಯ ಕಪಾಟಿನಲ್ಲಿರುವ ವಹಿಯಲ್ಲ. ಸಂದರ್ಭಕ್ಕೆ ತಕ್ಕಂತೆ ಭಾಷೆ ತಾಳುವ ರೂಪಕ್ಕೆ ಭಾಷಾವಿಜ್ಞಾನದಲ್ಲಿ ಈ ಹೆಸರಿದೆ. ವಿಷಯ ಯಾವುದು, ಆಡುವವರಿಗೂ ಕೇಳುವವರಿಗೂ ಇರುವ ಸಂಬಂಧ ಎಂಥದು, ಮಾಧ್ಯಮ ಮಾತೋ ಬರಹವೋ ಎಂಬ ಮೂರು ಅಂಶಗಳಿಂದ ರಿಜಿಸ್ಟರ್ ನಿರ್ಧಾರವಾಗುತ್ತದೆಂದು ಬ್ರಿಟನ್ ಮೂಲದ ಭಾಷಾವಿಜ್ಞಾನಿ ಎಂ.ಎ.ಕೆ. ಹ್ಯಾಲಿಡೇ ವಿವರಿಸಿದರು. ಭಾರತದ ಕಚೇರಿ ಪತ್ರದಲ್ಲಿ 'ವಿವರಗಳನ್ನು ಒದಗಿಸಬಹುದು' ಎಂಬ ಅರ್ಥ ಬರುವಂತೆ 'ಮೇ ಪ್ಲೀಸ್ ಬಿ ಫರ್ನಿಶ್ಡ್' ಎಂದು ಬರೆದಿದ್ದರೆ ಅದು ಅನುಮತಿಯಲ್ಲ, ವಿನಯದ ಉಡುಗೆ ತೊಟ್ಟ ಸೂಚನೆ. ಮೇಲಧಿಕಾರಿಯ ಪತ್ರದಲ್ಲಿ ಅದನ್ನು 'ಒದಗಿಸತಕ್ಕದ್ದು' ಎಂದೇ ಓದಿಕೊಳ್ಳುವುದು ಕ್ಷೇಮ. ಅಧಿನಿಯಮದ 'ಮೇ' ಬೇರೆ, ಪತ್ರದ 'ಮೇ' ಬೇರೆ.

ಕರ್ಮಣಿ ಪ್ರಯೋಗ ತಮಗೆ ಹೊಸದಲ್ಲ. 'ಇಟ್ ಹ್ಯಾಸ್ ಬೀನ್ ಡಿಸೈಡೆಡ್' ಎಂಬಲ್ಲಿ ನಿರ್ಣಯವಿದೆ, ನಿರ್ಣಯಿಸಿದವರಿಲ್ಲ. ನಮ್ಮ ನಡವಳಿಗಳ 'ತೀರ್ಮಾನಿಸಲಾಯಿತು' ಎಂಬುದೂ ಇದೇ ಜಾತಿಯದು. ಇದಕ್ಕಿಂತ ಗೂಢವಾದದ್ದು ನಾಮಿನಲೈಸೇಶನ್, ಅಂದರೆ ಕ್ರಿಯೆಯನ್ನು ನಾಮಪದವನ್ನಾಗಿ ಮಾಡುವುದು. 'ಗುತ್ತಿಗೆದಾರನು ಕಾಮಗಾರಿಯನ್ನು ಮುಗಿಸಲಿಲ್ಲ' ಎಂಬ ವಾಕ್ಯ ಇಂಗ್ಲಿಷ್ ವರದಿಯಲ್ಲಿ 'ಕಾಮಗಾರಿಯ ಅಪೂರ್ಣತೆ' ಎಂಬ ಅರ್ಥದ ನಾಮಪದವಾದಾಗ ಕರ್ತೃವೂ ಕಾಲವೂ ಒಟ್ಟಿಗೆ ಮಾಯವಾಗುತ್ತವೆ. ಅನುದಾನ 'ಬಳಕೆಯಾಗದಿರುವಿಕೆ' ಎಂದು ಬರೆದ ಪತ್ರ ಬಂದರೆ ಯಾರು ಬಳಸಲಿಲ್ಲ, ಹಣ ಯಾವ ದಿನಾಂಕದಂದು ಖಾತೆಗೆ ಬಂದಿತು ಎಂದು ಕೇಳಬೇಕು. ಹಣ ತಡವಾಗಿ ಬಂದಿದ್ದರೂ ಹೊಣೆ ಪಂಚಾಯತಿಯ ತಲೆಯ ಮೇಲೆಯೇ ಬೀಳುವುದು ಇಂಥ ನಾಮಪದದ ಮರೆಯಲ್ಲಿ.

ಮಾತಿನ ಇಂಗ್ಲಿಷಿಗೆ ಬೇರೆ ಪದಗಳಿವೆ. ಮಾತನಾಡುವ ಸರದಿಯನ್ನು ಒಬ್ಬರು ಬಿಟ್ಟುಕೊಟ್ಟು ಇನ್ನೊಬ್ಬರು ತೆಗೆದುಕೊಳ್ಳುವ ಕ್ರಮಕ್ಕೆ ಟರ್ನ್ ಟೇಕಿಂಗ್ ಎನ್ನುತ್ತಾರೆ. ಸ್ಯಾಕ್ಸ್, ಶೆಗ್ಲಾಫ್ ಮತ್ತು ಜೆಫರ್ಸನ್ ಎಂಬ ಮೂವರು 1974ರಲ್ಲಿ ಪ್ರಕಟಿಸಿದ ಲೇಖನ ಈ ಅಧ್ಯಯನಕ್ಕೆ ತಳಹದಿ. ಮಾತನ್ನು ಸಡಿಲಗೊಳಿಸುವ 'ಪರ್ಹ್ಯಾಪ್ಸ್', 'ಆಸ್ ಫಾರ್ ಆಸ್ ಪಾಸಿಬಲ್' ಮುಂತಾದವು ಹೆಡ್ಜ್, ಅಂದರೆ ಮಾತಿನ ಸುತ್ತಲಿನ ಬೇಲಿ. 'ವಿ ವಿಲ್ ಲುಕ್ ಇನ್‌ಟು ಇಟ್' ಎಂಬ ಉತ್ತರ ನಮ್ಮ 'ನೋಡೋಣ'ದ ಸೋದರ; ಅದನ್ನು ಭರವಸೆಯೆಂದು ನಡವಳಿಯಲ್ಲಿ ದಾಖಲಿಸುವಂತಿಲ್ಲ. ಭರವಸೆ ಬೇರೆಯೇ ಬಗೆಯ ವಾಕ್ಯ. 'ನಾನು ವಚನ ನೀಡುತ್ತೇನೆ' ಎಂದಾಗ ಆ ಮಾತೇ ಕೃತ್ಯವಾಗುತ್ತದೆ. ಇಂಥ ವಾಕ್ಯಗಳನ್ನು ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ ಪರ್ಫಾರ್ಮೆಟಿವ್ ಎಂದು ಕರೆದರು. ಅಧ್ಯಕ್ಷರು ಸಭೆ ಮುಕ್ತಾಯವಾಯಿತೆಂದು ಘೋಷಿಸುವುದೂ ಈ ವರ್ಗಕ್ಕೆ ಸೇರುತ್ತದೆ. ಅದನ್ನೇ ಸಭಿಕರೊಬ್ಬರು ಹೇಳಿದರೆ ಸಭೆ ಮುಗಿಯದು.

ಕೊನೆಯದಾಗಿ ಡೀಕ್ಸಿಸ್. ಇದು, ಅದು, ಇಲ್ಲಿ, ಇಂದು ಎಂಬಂಥ ಪದಗಳಿಗೆ ಸ್ವಂತ ಅರ್ಥ ಅಲ್ಪ. ಆಡಿದ ಸ್ಥಳ ಮತ್ತು ಸಮಯವೇ ಅವುಗಳಿಗೆ ಅರ್ಥ ಕೊಡುತ್ತದೆ. ಎದುರಿಗಿದ್ದಾಗ ಬೆರಳು ತೋರಿಸಿ 'ದಿಸ್ ರೋಡ್' ಎಂದರೆ ಸಾಕು. ಬರಹದಲ್ಲಿ ರಸ್ತೆಯ ಹೆಸರು, ಆರಂಭ ಮತ್ತು ಅಂತ್ಯದ ಗುರುತುಗಳು ಬೇಕಾಗುತ್ತವೆ. 'ಹದಿನೈದು ದಿನಗಳೊಳಗಾಗಿ' ಎಂದಷ್ಟೇ ಇಂಗ್ಲಿಷ್ ಪತ್ರದಲ್ಲಿದ್ದರೆ, ಆ ಅವಧಿ ಪತ್ರದ ದಿನಾಂಕದಿಂದಲೋ ಅದು ತಲುಪಿದ ದಿನಾಂಕದಿಂದಲೋ ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.